ಎತ್ತು ಏರಿಗೆ, ಕೋಣ ನೀರಿಗೆ

ಕೆಲವರಿಗೆ ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು, ನನಗೆ ಹಳೆಯ ಕೋಷ್ಟಕಗಳದ್ದು. ಮತ್ತೆ ಮತ್ತೆ ತೆರೆದು ನೋಡುವುದು ಬಿಸಿಜಿ ಲಸಿಕೆಯ 13 ಪ್ರಯೋಗಗಳ ಕೋಷ್ಟಕ. ಕೋಲ್ಡಿಟ್ಜ್ ಮತ್ತು ಸಂಗಡಿಗರು 1994ರಲ್ಲಿ ಒಟ್ಟುಗೂಡಿಸಿದ್ದು.

ಕೆನಡಾದ ಸಾಲು ನೋಡಿ. ಲಸಿಕೆ ಪಡೆದ 306 ಮಂದಿಯಲ್ಲಿ 6 ಜನರಿಗೆ ಕ್ಷಯ, ಪಡೆಯದ 303 ಮಂದಿಯಲ್ಲಿ 29 ಜನರಿಗೆ. ಅಪಾಯದ ಅನುಪಾತ 0.20, ಅಂದರೆ ಐದನೇ ಒಂದು ಪಾಲು. ಇನ್ನು ಮದರಾಸಿನ ಪಕ್ಕದ ಚೆಂಗಲ್ಪಟ್ಟು: ಎರಡೂ ಕಡೆ 88,391 ಮಂದಿ. ಲಸಿಕೆಯವರಲ್ಲಿ 505 ರೋಗಿಗಳು, ಉಳಿದವರಲ್ಲಿ 499. ಅನುಪಾತ 1.01. ಹಾಕಿಸಿಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ!

ಇವನ್ನು ಒಂದೇ ಅಂಕಿಗೆ ಇಳಿಸುವುದು ಹೇಗೆ? ಕೂಡಿ ಭಾಗಿಸುವಂತಿಲ್ಲ. ಒಂದೂರಲ್ಲಿ ಅಪಾಯ ಅರ್ಧವಾಗಿ (0.5), ಇನ್ನೊಂದೂರಲ್ಲಿ ದುಪ್ಪಟ್ಟಾದರೆ (2) ಒಟ್ಟು ಫಲ 1 ಬರಬೇಕು, ಬರಿಯ ಸರಾಸರಿ 1.25 ಎನ್ನುತ್ತದೆ. ಅದಕ್ಕೇ ಮೊದಲು ಲಾಗರಿದಮ್, ಆಮೇಲೆ ಸರಾಸರಿ.

ನಿಜವಾದ ಜಗಳ ತೂಕದ್ದು. ಎಲ್ಲ ಪ್ರಯೋಗಗಳೂ ಒಂದೇ ಸತ್ಯವನ್ನು ಅಳೆಯುತ್ತಿವೆ ಎಂದುಕೊಂಡರೆ ದೊಡ್ಡದರದೇ ದರ್ಬಾರು: ಚೆಂಗಲ್ಪಟ್ಟು ಒಂದಕ್ಕೇ ಸುಮಾರು ಶೇ 41 ತೂಕ, ಉತ್ತರ 0.65. ಊರಿಂದೂರಿಗೆ ಪರಿಣಾಮವೇ ಬೇರೆ ಎಂದು ಒಪ್ಪಿದರೆ ಅದರ ತೂಕ ಶೇ 10ಕ್ಕೆ ಕುಸಿದು ಉತ್ತರ 0.49 ಆಗುತ್ತದೆ. ಈ ಎರಡನೆಯ ದಾರಿಗೆ ಡರ್ಸಿಮೋನಿಯನ್ ಮತ್ತು ಲೇರ್ಡ್ 1986ರಲ್ಲಿ ಸರಳ ಸೂತ್ರ ಕೊಟ್ಟರು. ಕೋಷ್ಟಕ ಒಂದೇ, ತೀರ್ಪು ಎರಡು.

ನನ್ನ ಒಲವು ಎರಡನೆಯದರತ್ತ. ಆದರೆ ‘ಅಪಾಯ ಅರ್ಧಕ್ಕೆ ಇಳಿಕೆ’ ಎಂದು ಅಲ್ಲೇ ನಿಲ್ಲಿಸಿದರೆ ಮೋಸ. ಮುಂದಿನ ಊರಿನಲ್ಲಿ ಏನಾದೀತು ಎಂದು ಕೇಳಿದರೆ ಅದೇ ಲೆಕ್ಕ ಸುಮಾರು 0.15ರಿಂದ 1.55ರವರೆಗೆ ಕೈ ಚಾಚುತ್ತದೆ. ಒಂದು ತುದಿಯಲ್ಲಿ ಭಾರೀ ರಕ್ಷಣೆ, ಇನ್ನೊಂದರಲ್ಲಿ ನಷ್ಟ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಾಗ ನಡುವಿನ ಗೆರೆಯಲ್ಲಿ ಉಳುಮೆ ಆಗುವುದಿಲ್ಲ. ಯಾಕೆ ಹೀಗೆ ಎಳೆಯುತ್ತವೆ ಎಂದು ಕೆದಕಿದಾಗಲೇ ಸುಳಿವು ಸಿಕ್ಕಿದ್ದು: ಭೂಮಧ್ಯರೇಖೆಯಿಂದ ದೂರ ಸರಿದಷ್ಟೂ ಲಸಿಕೆಯ ಫಲ ಹೆಚ್ಚು. ಆ ಸುಳಿವು ಸರಾಸರಿಯಲ್ಲಿ ಇರಲಿಲ್ಲ, ಚದುರುವಿಕೆಯಲ್ಲಿತ್ತು.

ಹಾಗಂತ ಇದನ್ನೋದಿ ಮಗುವಿನ ಬಿಸಿಜಿ ತಪ್ಪಿಸಬೇಡಿ. ಎಳೆಗೂಸುಗಳ ಮಿದುಳುಪೊರೆಯ ಕ್ಷಯದ ಲೆಕ್ಕವೇ ಬೇರೆ. ಅಲ್ಲಿ ಈ ಲಸಿಕೆ ಗಟ್ಟಿಯಾಗಿ ನಿಂತಿದೆ.