ನೊರೆ ಬಂದರೆ ಸಾಲದು

2016ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಕಂಪನಿ, ತನ್ನ ಹಳೆಯ ನೆಲಮಾಳಿಗೆಯಲ್ಲಿ ಸಿಕ್ಕ ಬಾಟಲಿಯೊಂದರಿಂದ ಯೀಸ್ಟ್ ಎಬ್ಬಿಸಿ, ಅದರಿಂದ ಬಿಯರ್ ತಯಾರಿಸಿ ಅತಿಥಿಗಳಿಗೆ ಕೊಟ್ಟಿತು. ಬಾಟಲಿ 1883ರ ಕಾಲದ್ದು. ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟ್ ಮೊದಲ ಬಾರಿಗೆ ತಯಾರಿಕೆಗೆ ಇಳಿದದ್ದೂ ಆ ವರ್ಷವೇ. ನೂರು ವರ್ಷ ದಾಟಿದ ಯೀಸ್ಟೇ ಎದ್ದಿತೆಂದ ಮೇಲೆ ನನ್ನ ಫ್ರಿಜ್‌ನಲ್ಲಿರುವ ಹಳೆಯ ಜಾಡಿಯ ಯೀಸ್ಟ್ ಏಕೆ ಏಳಬಾರದು ಎಂದು ಮನೆಯಲ್ಲಿ ಬಿಯರ್ ಮಾಡುವವರಿಗೆ ಅನ್ನಿಸುವುದು ಸಹಜ. ಏಳಬಹುದು. ಆದರೆ ಎದ್ದದ್ದು ಯಾವುದು?

ಕಾರ್ಲ್ಸ್‌ಬರ್ಗ್ ಪ್ರಯೋಗದ ನಿಜವಾದ ಬಲ ಇರುವುದು ಈ ಪ್ರಶ್ನೆಯಲ್ಲಿ. ಹ್ಯಾನ್ಸನ್ನರ ತಳಿ ಎಂದೂ ಕಳೆದುಹೋಗಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಸಂಗ್ರಹದಲ್ಲಿ ಸಿಬಿಎಸ್ 1513 ಎಂಬ ಹೆಸರಿನಲ್ಲಿ ಅದು ಉಳಿದಿದೆ. 2014ರಲ್ಲಿ ಅದರ ಜೀನೋಮ್ ಕೂಡ ಪ್ರಕಟವಾಯಿತು. ಹಾಗಾಗಿ ಬಾಟಲಿಯಿಂದ ಬಂದ ಯೀಸ್ಟನ್ನು ಪಕ್ಕದಲ್ಲಿಟ್ಟು ನೋಡಲು ಒಂದು ಅಳತೆಗೋಲಿತ್ತು. ಬಾರ್ಲಿ, ನೀರು, ಪೀಪಾಯಿಗಳನ್ನೂ ಅಂದಿನ ರೀತಿಗೆ ಹೊಂದಿಸಲು ಅವರು ಶ್ರಮಿಸಿದರು, ಅದು ಮೆಚ್ಚತಕ್ಕದ್ದು. ಆದರೂ 'ಅಂದಿನದೇ ರುಚಿ' ಎಂಬ ಮಾತನ್ನು ನಾನು ಒಪ್ಪಲಾರೆ. ಅಂದಿನ ರುಚಿ ನೋಡಿದವರು ಯಾರೂ ಇಂದು ಇಲ್ಲ.

ಮನೆಯ ಜಾಡಿಗೆ ಅಳತೆಗೋಲು ಇರುವುದಿಲ್ಲ. ತಳದ ಗಸಿ ಕಂದು ತಿರುಗಿ, ಸುಟ್ಟ ರಬ್ಬರಿನಂಥ ವಾಸನೆ ಬಂದರೆ ಕೋಶಗಳು ಸತ್ತು ತಮ್ಮನ್ನೇ ಕರಗಿಸಿಕೊಳ್ಳುತ್ತಿವೆ ಎಂದರ್ಥ. ಉಳಿದ ಬಡಪಾಯಿ ಕೋಶಗಳಿಗೆ ಒಮ್ಮೆಗೇ ಒಂದು ಲೀಟರ್ ಗಟ್ಟಿ ವರ್ಟ್ (ಮಾಲ್ಟಿನ ಸಿಹಿ ರಸ) ಸುರಿದರೆ ಯೀಸ್ಟ್ ಎಚ್ಚರಗೊಳ್ಳುವ ಮೊದಲೇ ಬ್ಯಾಕ್ಟೀರಿಯಾ ಗೆಲ್ಲುತ್ತವೆ. ಆದ್ದರಿಂದ ಬಲ್ಲವರು ಸಾಪೇಕ್ಷ ಸಾಂದ್ರತೆ 1.020ರಷ್ಟಿರುವ ತೆಳು ವರ್ಟ್ ಕುದಿಸಿ ಆರಿಸಿ, ಮೊದಲು 10 ಮಿಲಿಲೀಟರ್, ಚೇತರಿಸಿಕೊಂಡ ಮೇಲೆ 100, ನಂತರವೇ ಲೀಟರ್ ಎಂದು ಏರುತ್ತಾರೆ. ಈ ತಾಳ್ಮೆಯೇ ಇಡೀ ಕಸುಬಿನ ಅತ್ಯುತ್ತಮ ಭಾಗ. ಸೂಕ್ಷ್ಮದರ್ಶಕವಿದ್ದರೆ ಮಿಥಿಲೀನ್ ಬ್ಲೂ ಹಾಕಿ ನೋಡಬಹುದು: ಸತ್ತ ಕೋಶ ನೀಲಿಯಾಗುತ್ತದೆ, ಬದುಕಿರುವುದು ಬಣ್ಣ ಹಿಡಿಯುವುದಿಲ್ಲ.

ತೊಂದರೆ ಶುರುವಾಗುವುದು ನೊರೆ ಕಂಡೊಡನೆ ಗೆದ್ದೆವೆಂದು ಬೀಗುವಲ್ಲಿ. ಬದುಕಿದ ಕೋಶಗಳಲ್ಲಿ ಮೈಟೋಕಾಂಡ್ರಿಯ ಕೆಟ್ಟ 'ಪೆಟೀಟ್'ಗಳು ಸೇರಿರಬಹುದು. ಅವೂ ನೊರೆ ಎಬ್ಬಿಸುತ್ತವೆ, ಆದರೆ ಸಕ್ಕರೆಯನ್ನು ಅರೆಬರೆ ಬಿಟ್ಟು, ಡಯಾಸಿಟೈಲ್‌ನ ಬೆಣ್ಣೆವಾಸನೆ ಉಳಿಸಬಲ್ಲವು. ಕಾಡು ಯೀಸ್ಟಿನ ನೊರೆಯೂ ಕಣ್ಣಿಗೆ ಇದೇ ಥರ.

ಪಶ್ಚಿಮ ನಾರ್ವೆಯ ವೋಸ್ ಕಡೆಯ ರೈತರ ಮನೆ ಯೀಸ್ಟ್ ಕ್ವೈಕ್‌ನದು ಬೇರೆಯೇ ಕಥೆ. ಮರದ ಬಳೆಗಳ ಮೇಲೆ, ಬಟ್ಟೆಯ ಮೇಲೆ ಒಣಗಿಸಿಟ್ಟು ಮುಂದಿನ ಬಿಯರಿಗೆ ಎಬ್ಬಿಸುವುದು ಅಲ್ಲಿ ತಲೆಮಾರುಗಳ ವಾಡಿಕೆ. 30ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಅದು ಸೊಗಸಾಗಿ ಹುದುಗುತ್ತದೆ. ಆದರೆ ಎಷ್ಟೋ ಮನೆಗಳ ಕ್ವೈಕ್ ಹ್ಯಾನ್ಸನ್ನರ ಯೀಸ್ಟಿನಂತೆ ಒಂದೇ ತಳಿಯಲ್ಲ, ಹಲವು ತಳಿಗಳ ಕೂಟ. ಅದರ ಹಳೆಯ ಚೂರಿನಿಂದ ಒಂದು ಕಾಲನಿ ಬೆಳೆಸಿ 'ಕ್ವೈಕ್ ಉಳಿಸಿದೆ' ಎನ್ನುವುದು, ಮಿಶ್ರ ಬಿತ್ತನೆಯ ಗದ್ದೆಯಿಂದ ಒಂದು ತೆನೆ ಕಿತ್ತಿಟ್ಟು ಗದ್ದೆಯನ್ನೇ ಉಳಿಸಿದೆ ಎಂದಂತೆ. ಬಿಯರ್ ಚೆನ್ನಾಗಿಯೇ ಬಂದೀತು. ಕೂಟ ಮಾತ್ರ ಹೋಯಿತು.

ಹಳೆಯ ಯೀಸ್ಟ್ ಎಬ್ಬಿಸುವ ಈ ಕೆಲಸವನ್ನು ನಾನು ಮನಸಾರೆ ಗೌರವಿಸುತ್ತೇನೆ. ದೊಡ್ಡ ತಯಾರಕರು ಕೈಬಿಟ್ಟ ತಳಿಗಳು ಉಳಿಯಲು ಇಂಥ ಹವ್ಯಾಸಿಗಳ ಅಕ್ಕರೆ ಬೇಕು. ಆದ್ದರಿಂದಲೇ ಇಷ್ಟು ಕೇಳುತ್ತೇನೆ. ಯೀಸ್ಟನ್ನು ಅಗಾರ್ ಮೇಲೆ ಅಥವಾ ಕ್ರಿಮಿಶುದ್ಧ ನೀರಿನಲ್ಲಿ ಕಾಪಿಡಿ. ತಳಿ, ದಿನಾಂಕ, ಎಷ್ಟನೆಯ ಬಳಕೆ ಎಂಬುದನ್ನು ಜಾಡಿಯ ಮೇಲೆ ಬರೆಯಿರಿ. ಹಂತಹಂತವಾಗಿ ಬೆಳೆಸಿದ ಸ್ಟಾರ್ಟರ್‌ನ ವಾಸನೆ, ರುಚಿ ನೋಡದೆ 20 ಲೀಟರ್ ವರ್ಟ್‌ಗೆ ಸುರಿಯಬೇಡಿ. ಚೀಟಿಯಿಲ್ಲದ ಜಾಡಿಯಿಂದ ಎಬ್ಬಿಸಿದ ಯೀಸ್ಟಿನಲ್ಲಿ ಬೇಕಾದರೆ ಬಿಯರ್ ಮಾಡಿ, ಆದರೆ ಅದಕ್ಕೆ ಹಳೆಯ ತಳಿಯ ಹೆಸರು ಕೊಡಬೇಡಿ.