ರಕ್ತ ಮಾತಾಡದಿದ್ದಾಗ

ಸರಣಿಯ ಎರಡನೆಯ ಪುಸ್ತಕವನ್ನು ನಾನು ಅನುಮಾನದಿಂದಲೇ ತೆರೆಯುತ್ತೇನೆ. ಮೊದಲನೆಯದರಲ್ಲಿ ಗೆಲ್ಲಿಸಿದ ಪಟ್ಟುಗಳನ್ನೇ ಮತ್ತೆ ಹಾಕುತ್ತಾರೇನೋ ಎಂಬ ಅಳುಕು. ಶಾನನ್ ಮೆಗ್ವಾಯರ್ ಅವರ ‘ಎ ಲೋಕಲ್ ಹ್ಯಾಬಿಟೇಶನ್’ (2010) ಆ ಅಳುಕನ್ನು ಸುಳ್ಳು ಮಾಡಿತು.

ಹಿಂದಿನ ವರ್ಷ ಬಂದ ‘ರೋಸ್‌ಮೆರಿ ಅಂಡ್ ರೂ’ ಓದದವರಿಗೆ ಎರಡು ಮಾತು. ಅಕ್ಟೋಬರ್ ಡೇ, ಎಲ್ಲರ ಬಾಯಲ್ಲಿ ಟೋಬಿ, ಸ್ಯಾನ್ ಫ್ರಾನ್ಸಿಸ್ಕೋದ ಖಾಸಗಿ ಪತ್ತೇದಾರಿಣಿ. ತಾಯಿ ಫೇ ಕುಲದವಳು, ತಂದೆ ಮನುಷ್ಯ. ಈ ಫೇಗಳು ಮಕ್ಕಳ ಕತೆಯ ರೆಕ್ಕೆಯ ಕಿನ್ನರಿಯರಲ್ಲ. ನಗರದ ನಡುವೆಯೇ ಮರೆಯಾಗಿ ರಾಜ್ಯ ಕಟ್ಟಿಕೊಂಡಿರುವ, ಕಬ್ಬಿಣಕ್ಕೆ ಹೆದರುವ ಜನ. 1995ರಲ್ಲಿ ಟೋಬಿಯನ್ನು ಮಾಟದಿಂದ ಮೀನಾಗಿಸಲಾಗುತ್ತದೆ. ಹದಿನಾಲ್ಕು ವರ್ಷ ಕೊಳದಲ್ಲಿ ಕಳೆದು ಮರಳಿದಾಗ ಬೆಳೆದ ಮಗಳಿಗೆ ಅವಳು ಬೇಡ.

ಟೋಬಿಯ ಶಕ್ತಿ ರಕ್ತದಲ್ಲಿದೆ. ಸತ್ತವರ ರಕ್ತದ ರುಚಿ ನೋಡಿದರೆ ಅವರ ಕೊನೆಯ ಗಳಿಗೆಗಳು ಕಾಣುತ್ತವೆ. ಪತ್ತೇದಾರಿ ಕತೆಗೆ ಇದು ವರವೂ ಹೌದು, ಅಪಾಯವೂ ಹೌದು. ಹೆಣವೇ ಸಾಕ್ಷಿ ನುಡಿಯುವುದಾದರೆ ಪತ್ತೇದಾರಿಗೆ ಇನ್ನೇನು ಕೆಲಸ?

ಎರಡನೆಯ ಪುಸ್ತಕ ಇದೇ ಪ್ರಶ್ನೆಯನ್ನು ಎದುರಿಸುತ್ತದೆ. ಡ್ಯೂಕ್ ಸಿಲ್ವೆಸ್ಟರ್‌ನ ಅಣತಿಯಂತೆ, ಸುದ್ದಿಯಿಲ್ಲದ ಅವನ ಸೋದರ ಸೊಸೆ ಜಾನ್ಯುವರಿಯನ್ನು ನೋಡಿ ಬರಲು ಟೋಬಿ ಫ್ರಿಮಾಂಟ್‌ಗೆ ಹೋಗುತ್ತಾಳೆ. ಅಲ್ಲಿರುವುದು ಫೇಗಳೇ ನಡೆಸುವ ಕಂಪ್ಯೂಟರ್ ಕಂಪನಿ, ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಈ ಲೋಕದ ನಿಯಮದಂತೆ ‘ನೈಟ್ ಹಾಂಟ್’ಗಳು ಬಂದು ಫೇ ಹೆಣಗಳನ್ನು ತಿಂದು, ಮನುಷ್ಯರಂತೆ ಕಾಣುವ ನಕಲುಗಳನ್ನು ಬಿಟ್ಟುಹೋಗಬೇಕು. ಇಲ್ಲಿ ಅವು ಬರುವುದೇ ಇಲ್ಲ. ಟೋಬಿ ರಕ್ತವನ್ನು ನಾಲಗೆಗೆ ಮುಟ್ಟಿಸಿದರೆ ಅದರಲ್ಲಿ ನೆನಪಿನ ಸುಳಿವೇ ಇಲ್ಲ.

ನನಗೆ ಪುಸ್ತಕ ಹಿಡಿಸಿದ್ದು ಇಲ್ಲೇ. ಲೇಖಕಿ ನಾಯಕಿಗೆ ಹೊಸ ಅಸ್ತ್ರ ಕೊಡುವುದಿಲ್ಲ, ಇದ್ದದ್ದನ್ನೇ ಕಸಿದುಕೊಳ್ಳುತ್ತಾರೆ. ಜೊತೆಗೆ ಹುಡುಗ ಕ್ವೆಂಟಿನ್‌ನನ್ನು ಅವಳ ಹೊಣೆಗೆ ಒಪ್ಪಿಸುತ್ತಾರೆ. ಮಗಳ ಬಾಲ್ಯವನ್ನೇ ಕಳೆದುಕೊಂಡವಳು ಪರರ ಮಗುವನ್ನು ಅಪಾಯದ ನಡುವೆ ಕಾಯಬೇಕು. ಕೊಲೆಗಾರ ಯಾರು ಎಂಬುದಕ್ಕಿಂತ ಈ ಹುಡುಗನಿಗೆ ಏನಾಗುತ್ತದೋ ಎಂಬ ಆತಂಕದಿಂದಲೇ ನಾನು ಪುಟ ತಿರುವಿದೆ. ಮೊದಲ ಪುಸ್ತಕದ ನೋವನ್ನು ಎರಡನೆಯದು ಹೀಗೆ, ಹೆಚ್ಚು ಮಾತಿಲ್ಲದೆ, ಮುಂದಕ್ಕೆ ಒಯ್ಯುತ್ತದೆ.

ಕೊರತೆಗಳೂ ಇವೆ. ಒಂಟಿಯಾಗಿ ಓಡಾಡಬೇಡಿ ಎಂದರೂ ಪಾತ್ರಗಳು ಓಡಾಡುತ್ತವೆ, ಸಾಯುತ್ತವೆ. ಅಪರಾಧಿಯನ್ನು ಓದುಗರು ಟೋಬಿಗಿಂತ ಮೊದಲೇ ಗುರುತಿಸಬಹುದು. ಪ್ರಣಯವನ್ನೇ ಬಯಸಿ ಬಂದವರಿಗೆ ಬೆಕ್ಕುಗಳ ರಾಜ ಟಿಬಾಲ್ಟ್ ಸಿಗುವುದು ಅಷ್ಟಿಷ್ಟೇ. ಅವನು ಬಿಟ್ಟುಹೋಗುವ ಚರ್ಮದ ಜಾಕೆಟ್ಟಿನಷ್ಟು. ಆದರೆ ಆ ಜಿಪುಣತನ ನನಗೆ ಇಷ್ಟವಾಯಿತು. ಅವಸರವಿಲ್ಲದ ಒಲವಿಗೆ ಸರಣಿಯಂಥ ಜಾಗ ಬೇರೊಂದಿಲ್ಲ.

ಶೀರ್ಷಿಕೆ ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಿಂದ ಬಂದದ್ದು. ಗಾಳಿಯಂಥ ಕಲ್ಪನೆಗೆ ಕವಿ ನೆಲೆ ಕೊಡುವುದರ ಬಗ್ಗೆ ಅಲ್ಲಿ ಥೀಸಿಯಸ್ ಮಾತಾಡುತ್ತಾನೆ. ಮೆಗ್ವಾಯರ್ ತಮ್ಮ ಫೇಗಳಿಗೆ ಕೊಟ್ಟ ನೆಲೆ ಕಚೇರಿಯ ಕಾರಿಡಾರು, ಕಾಫಿ, ಸರ್ವರುಗಳ ನಡುವೆ. ಇಂಥ ಪುಸ್ತಕಗಳನ್ನು ‘ಹೊತ್ತು ಕಳೆಯಲು’ ಎಂದು ಬದಿಗಿಡುವುದು ಸುಲಭ. ನಾನಂತೂ ಮುಗಿಸಿದ ರಾತ್ರಿಯೇ ಮೂರನೆಯದನ್ನು ಕೈಗೆತ್ತಿಕೊಂಡೆ, ಈ ಸಲ ಅನುಮಾನವಿಲ್ಲದೆ.