ಎಂಟು ತೂಬು, ಸಣ್ಣ ಕಾಲುವೆ

ಮೇಜಿನ ಮೇಲೆ ಎರಡು ಕೊಟೇಶನ್ ಇದ್ದವು. ಒಂದರಲ್ಲಿ ಎಎಂಡಿಯ ಥ್ರೆಡ್‌ರಿಪ್ಪರ್ ಪ್ರೊ 7975ಡಬ್ಲ್ಯುಎಕ್ಸ್, ಇನ್ನೊಂದರಲ್ಲಿ ಅದೇ ಕಂಪನಿಯ ಎಪಿಕ್ 9374ಎಫ್. ಎರಡರಲ್ಲೂ 32 ಕೋರ್, ಎರಡೂ ಝೆನ್ 4 ತಲೆಮಾರಿನವು. ಮೊದಲನೆಯದು ವರ್ಕ್‌ಸ್ಟೇಷನ್ ಚಿಪ್, ವೇಗ 5.3 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಬಿಡುಗಡೆಯಾದಾಗ ಬೆಲೆ 3,899 ಡಾಲರ್. ಎರಡನೆಯದು ಸರ್ವರ್ ಚಿಪ್, 4.3 ಗಿಗಾಹರ್ಟ್ಸ್‌ಗೇ ನಿಲ್ಲುತ್ತದೆ, ಬೆಲೆ 4,850 ಡಾಲರ್. ನಿಧಾನವಾಗಿ ಓಡುವುದಕ್ಕೆ ಹೆಚ್ಚು ಹಣ ಯಾಕೆ ಕೊಡಬೇಕು ಎಂದು ನಮ್ಮ ಲೆಕ್ಕಪತ್ರ ನೋಡಿಕೊಳ್ಳುವವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಕೊಟೇಶನ್ನಿನ ಯಾವ ಸಾಲಿನಲ್ಲೂ ಇರಲಿಲ್ಲ.

ಪೀಣ್ಯದ ನಮ್ಮ ಸಣ್ಣ ಕಚೇರಿಯಲ್ಲಿ ಮಾಡುವುದು ಹರಿವಿನ ಲೆಕ್ಕ. ಪಂಪಿನ ಒಳಗೆ ನೀರು ಎಲ್ಲಿ ಸುಳಿಯುತ್ತದೆ, ಎಲ್ಲಿ ಒತ್ತಡ ಕುಸಿಯುತ್ತದೆ ಎಂಬುದನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಒಡೆದು ಓಪನ್‌ಫೋಮ್‌ನಲ್ಲಿ ಬಿಡಿಸುತ್ತೇವೆ. ಹಳೆಯ ಯಂತ್ರ ನಾಲ್ಕು ಚಾನೆಲ್ ಮೆಮೊರಿಯದು. ಒಂದು ಸಂಜೆ ಅದೇ ಲೆಕ್ಕವನ್ನು ಮೊದಲು 8 ಕೋರ್‌ಗೆ ಹಂಚಿ ಓಡಿಸಿದೆ, ಆಮೇಲೆ 16ಕ್ಕೆ, ಆಮೇಲೆ 32ಕ್ಕೆ. ಎಂಟರಿಂದ ಹದಿನಾರಕ್ಕೆ ಹೋದಾಗ ಒಂದಿಷ್ಟು ಲಾಭ ಕಂಡಿತು. ಮೂವತ್ತೆರಡಕ್ಕೆ ಹೋದಾಗ ಗಡಿಯಾರದಲ್ಲಿ ವ್ಯತ್ಯಾಸ ಹುಡುಕಬೇಕಾಯಿತು. ಪರದೆಯ ಮೇಲೆ ಮಾತ್ರ ಮೂವತ್ತೆರಡೂ ಪಟ್ಟಿಗಳು ಶೇ. 100 ತೋರಿಸುತ್ತಿದ್ದವು. ಮೆಮೊರಿಯಿಂದ ಅಂಕಿ ಬರಲಿ ಎಂದು ಸುಮ್ಮನೆ ಕಾಯುತ್ತಿರುವ ಕೋರನ್ನೂ ಆಪರೇಟಿಂಗ್ ಸಿಸ್ಟಂ ದುಡಿಯುತ್ತಿರುವ ಕೋರ್ ಎಂದೇ ಬರೆದುಕೊಳ್ಳುತ್ತದೆ. ಆ ಹಸಿರು ಪಟ್ಟಿಗಳನ್ನು ನಂಬಿ ನಾವು ಎಷ್ಟೋ ವರ್ಷ ಕೋರ್ ಸಾಲದು, ಕೋರ್ ಸಾಲದು ಎಂದುಕೊಂಡೇ ಕಳೆದಿದ್ದೆವು.

ಹೀಗಾಗಿ ಈ ಎರಡು ಚಿಪ್‌ಗಳನ್ನು ಅಳೆಯುವಾಗ ಗಿಗಾಹರ್ಟ್ಸ್ ಬದಿಗಿಟ್ಟು ಮೆಮೊರಿಯ ದಾರಿ ನೋಡಬೇಕು ಎಂಬುದು ನನ್ನ ವಾದ. ಲೆಕ್ಕ ಸರಳ. ಡಿಡಿಆರ್5-5200 ರ‍್ಯಾಮ್‌ನ ಒಂದು ಚಾನೆಲ್ ಸೆಕೆಂಡಿಗೆ 41.6 ಜಿಬಿ ಕೊಡುತ್ತದೆ. ಥ್ರೆಡ್‌ರಿಪ್ಪರ್ ಪ್ರೊಗೆ ಅಂಥ 8 ಚಾನೆಲ್, ಒಟ್ಟು 332.8. ಎಪಿಕ್‌ನದು ಡಿಡಿಆರ್5-4800, ಚಾನೆಲಿಗೆ 38.4 ಜಿಬಿ, ಆದರೆ ಚಾನೆಲ್ 12, ಒಟ್ಟು 460.8. ಪ್ರೊ ಎಂಬ ಹೆಸರಿಲ್ಲದ ಥ್ರೆಡ್‌ರಿಪ್ಪರ್ 7000 ಸಾಲಿಗೆ ನಾಲ್ಕೇ ಚಾನೆಲ್. 64 ಕೋರ್‌ನ 7980ಎಕ್ಸ್‌ಗೂ ಅಷ್ಟೇ. ನಮ್ಮಂಥ ಕೆಲಸಕ್ಕೆ ಅದು ಹತ್ತು ಜನರ ಮನೆಗೆ ಒಂದೇ ನಲ್ಲಿ ಇದ್ದ ಹಾಗೆ.

ಚಾನೆಲ್ ಎಣಿಸಿದರೂ ಸಾಲದು. ಈ ಚಿಪ್‌ಗಳು ಒಂದೇ ತುಂಡಿನವಲ್ಲ. ಮೆಮೊರಿ ನಡುವಿನ ಒಂದು ತುಂಡಿಗೆ ಸೇರಿರುತ್ತದೆ, ಕೋರ್‌ಗಳು ಸುತ್ತಲಿನ ಪುಟ್ಟ ಚಿಪ್ಲೆಟ್‌ಗಳಲ್ಲಿರುತ್ತವೆ. ನಡುವಿನಿಂದ ಪ್ರತಿ ಚಿಪ್ಲೆಟ್‌ಗೆ ಹೋಗುವ ದಾರಿಯ ಅಗಲಕ್ಕೆ ಮಿತಿಯಿದೆ. ಕೆರೆಗೆ ಎಂಟು ತೂಬು ಇದ್ದರೇನು, ಗದ್ದೆಗೆ ಬರುವ ಕಾಲುವೆ ಎರಡೇ ಆದರೆ ಎರಡು ಕಾಲುವೆಯಷ್ಟೇ ನೀರು. 12 ಕೋರ್‌ನ 7945ಡಬ್ಲ್ಯುಎಕ್ಸ್ ಮತ್ತು 16 ಕೋರ್‌ನ 7955ಡಬ್ಲ್ಯುಎಕ್ಸ್ ಎರಡರಲ್ಲೂ ಇರುವುದು ಎರಡೇ ಚಿಪ್ಲೆಟ್. ಪೆಟ್ಟಿಗೆಯ ಮೇಲೆ ಎಂಟು ಚಾನೆಲ್ ಎಂದು ಬರೆದಿರುವುದು ನಿಜ, ಆದರೆ ಅಷ್ಟನ್ನೂ ಕೋರ್‌ಗಳು ಎಳೆದುಕೊಳ್ಳಲಾರವು. ತುಂಬ ಮೆಮೊರಿ, ತುಂಬ ಪಿಸಿಐಇ ಲೇನ್ ಬೇಕಾದವರಿಗೆ ಇವು ಉಪಯುಕ್ತ. ವೇಗದ ಮೆಮೊರಿಗಾಗಿ ಇವನ್ನು ಕೊಳ್ಳುವವರಿಗೆ ಅನ್ಯಾಯ. ಇದನ್ನು ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕಿತ್ತು.

ನಮ್ಮ ಕೊಟೇಶನ್ನಿನ 7975ಡಬ್ಲ್ಯುಎಕ್ಸ್ 32 ಕೋರನ್ನು ನಾಲ್ಕು ಚಿಪ್ಲೆಟ್‌ನಲ್ಲಿ ತುಂಬಿಸಿದೆ. ಎಪಿಕ್ 9374ಎಫ್ ಅದೇ 32 ಕೋರನ್ನು ಎಂಟು ಚಿಪ್ಲೆಟ್‌ಗೆ ಹರಡಿದೆ, ಒಂದೊಂದರಲ್ಲಿ ಅರ್ಧ ಕೋರ್‌ಗಳನ್ನು ಮುಚ್ಚಿ. ಮೇಲ್ನೋಟಕ್ಕೆ ದಂಡ ಎನಿಸುತ್ತದೆ. ಆದರೆ ಪ್ರತಿ ಚಿಪ್ಲೆಟ್ ತನ್ನ ಪಾಲಿನ 32 ಎಂಬಿ ಎಲ್3 ಕ್ಯಾಶೆಯನ್ನೂ ತನ್ನದೇ ದಾರಿಯನ್ನೂ ತರುತ್ತದೆ. ಒಟ್ಟು ಕ್ಯಾಶೆ ಅಲ್ಲಿ 128 ಎಂಬಿ, ಇಲ್ಲಿ 256. ಹೆಚ್ಚಿನ ಹಣ ಹೋಗುವುದು ಇದಕ್ಕೆ. ಕೋರ್ ಲೆಕ್ಕದಲ್ಲಿ ಬಾಡಿಗೆ ವಸೂಲಿ ಮಾಡುವ ಸಾಫ್ಟ್‌ವೇರ್ ಬಳಸುವವರಿಗಂತೂ ಪ್ರತಿ ಕೋರಿಗೂ ಹೊಟ್ಟೆ ತುಂಬ ಊಟ ಸಿಗುವ ಇಂಥ ಚಿಪ್ ಬಹಳ ಬೆಲೆಯುಳ್ಳದ್ದು.

ಈ ಪಾಠ ಹೊಸದಲ್ಲ. 2018ರಲ್ಲಿ ಬಂದ ಥ್ರೆಡ್‌ರಿಪ್ಪರ್ 2990ಡಬ್ಲ್ಯುಎಕ್ಸ್‌ನಲ್ಲಿ 32 ಕೋರ್ ಇದ್ದವು, ಅವುಗಳಲ್ಲಿ ಅರ್ಧಕ್ಕೆ ನೇರ ಮೆಮೊರಿಯೇ ಇರಲಿಲ್ಲ. ಪಕ್ಕದ ತುಂಡಿನ ಮೂಲಕ ಬೇಡಿ ತರಬೇಕಿತ್ತು. ರೆಂಡರಿಂಗ್‌ನಲ್ಲಿ ಮಿಂಚಿದ ಆ ಚಿಪ್, ಮೆಮೊರಿ ಕೇಳುವ ಕೆಲಸದಲ್ಲಿ ಮುಗ್ಗರಿಸಿತು.

ಇಷ್ಟು ಹೇಳಿದೆನೆಂದು ಥ್ರೆಡ್‌ರಿಪ್ಪರ್ ಪ್ರೊವನ್ನು ತಳ್ಳಿಹಾಕುತ್ತಿಲ್ಲ. ಹಗಲು ಮನುಷ್ಯ ಯಂತ್ರಕ್ಕಾಗಿ ಕಾಯುತ್ತಾನೆ. ಪಂಪಿನ ರೆಕ್ಕೆಯ ಒಂದು ಕೋನ ಬದಲಿಸಿದರೆ ಕ್ಯಾಡ್ ಸಾಫ್ಟ್‌ವೇರ್ ಹಿಂದಿನ ಹಂತಗಳನ್ನೆಲ್ಲ ಒಂದಾದ ಮೇಲೊಂದರಂತೆ ಮತ್ತೆ ಕಟ್ಟುತ್ತದೆ. ಅದು ಬಹುಮಟ್ಟಿಗೆ ಒಂದೇ ಕೋರಿನ ಕೆಲಸ. ಅಲ್ಲಿ 5.3 ಮತ್ತು 4.3ರ ನಡುವಿನ ಅಂತರ ಕೈಗೆ ತಿಳಿಯುತ್ತದೆ. ದಿನಕ್ಕೆ ನೂರು ಸಲ ತಿಳಿಯುತ್ತದೆ. ಮಾದರಿ ಕಟ್ಟುವುದು, ಎರಡು ಮೂರು ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಅದನ್ನು ನೋಡುವುದು, ನೂರಾರು ಜಿಬಿ ದೃಶ್ಯವನ್ನು ಕಣ್ಣೆದುರೇ ತಿದ್ದುವುದು, ಇವೆಲ್ಲ ಒಬ್ಬರೇ ಒಂದೇ ಯಂತ್ರದಲ್ಲಿ ಮಾಡುವ ಸಿನಿಮಾ ವಿಎಫ್‌ಎಕ್ಸ್ ಕಲಾವಿದರಿಗೆ ಇದರ ಜಾಗ ತುಂಬುವ ಇನ್ನೊಂದು ಚಿಪ್ ನನಗೆ ಕಾಣುವುದಿಲ್ಲ. 128 ಪಿಸಿಐಇ 5.0 ಲೇನ್, 2 ಟಿಬಿವರೆಗೆ ಮೆಮೊರಿ, ಜೊತೆಗೆ ಆ ವೇಗ.

ಸರ್ವರ್ ಚಿಪ್ ಜೊತೆ ಬಾಳುವುದು ಬೇರೆಯೇ. ಪರಿಚಯದವರ ಕಚೇರಿಯಲ್ಲಿ ಒಂದು ಎಪಿಕ್ ಸರ್ವರ್ ಮೊದಲ ಬಾರಿ ಚಾಲೂ ಮಾಡುವಾಗ ನಾನಿದ್ದೆ. ಒಂದೇ ಯೂನಿಟ್ ಎತ್ತರದ, ಪಿಜ್ಜಾ ಡಬ್ಬಿಯಂಥ ಪೆಟ್ಟಿಗೆ. ಬಟನ್ ಒತ್ತಿದ ಕೂಡಲೇ ಒಳಗಿನ ಸಣ್ಣ ಫ್ಯಾನ್‌ಗಳೆಲ್ಲ ಒಟ್ಟಿಗೆ ಕಿರುಚಿದವು. ಪಕ್ಕದ ಕೋಣೆಯಲ್ಲಿ ಫೋನ್‌ನಲ್ಲಿದ್ದವರು ಎದ್ದು ಬಂದರು. ಪರದೆ ಕಪ್ಪು. ಒಂದು ನಿಮಿಷ, ಎರಡು, ಮೂರು. ಹೊಸ ಹುಡುಗ ಹೆದರಿ ವೈರ್ ಕೀಳಲು ಹೋದ, ಹಿರಿಯರು ಕೈ ಹಿಡಿದರು: "ಇರಪ್ಪ, ಮೆಮೊರಿ ಟ್ರೇನಿಂಗ್ ಆಗ್ತಿದೆ." ಹನ್ನೆರಡು ರ‍್ಯಾಮ್ ಕಡ್ಡಿಗಳನ್ನು ಹೊಂದಿಸಿಕೊಳ್ಳಲು ಆ ಬೋರ್ಡಿಗೆ ಅಷ್ಟು ಸಮಯ ಬೇಕು. ಇಂಥ ಬೋರ್ಡಿನಲ್ಲಿ ಸಾಮಾನ್ಯವಾಗಿ ಸ್ಪೀಕರಿಗೆ ಜಾಗವಿಲ್ಲ, ಯುಎಸ್‌ಬಿ ಕಡಿಮೆ. ಆದರೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲೇ ಕೂತಿರುತ್ತದೆ. ರಾತ್ರಿ ಲೆಕ್ಕ ಕೆಟ್ಟು ಯಂತ್ರ ನಿಂತರೆ ಮನೆಯಿಂದಲೇ ಬ್ರೌಸರ್ ತೆರೆದು ಆಫ್ ಮಾಡಿ, ಮತ್ತೆ ಆನ್ ಮಾಡಿ, ಬಯೋಸ್ ಪರದೆಯನ್ನೂ ನೋಡಬಹುದು. ಇದರ ರುಚಿ ಹತ್ತಿದವರು ಬಿಡುವುದಿಲ್ಲ. ದೊಡ್ಡ ಫ್ಯಾನ್‌ಗಳ ಟವರ್ ಪೆಟ್ಟಿಗೆಯಲ್ಲಿ ಕೂರಿಸಿದರೆ ಆ ಕಿರುಚಾಟವೂ ಬಹುಪಾಲು ತಗ್ಗುತ್ತದೆ.

ರ‍್ಯಾಮ್ ವಿಚಾರದಲ್ಲಿ ನಾವೇ ಒಮ್ಮೆ ಏಟು ತಿಂದಿದ್ದೇವೆ. "ಈಗ ಎರಡು ದೊಡ್ಡ ಕಡ್ಡಿ ಹಾಕ್ಸಿ ಸಾರ್, ಮುಂದೆ ಬೇಕಾದ್ರೆ ಸೇರಿಸೋಣ" ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ನಾಲ್ಕು ಚಾನೆಲ್ಲಿನಲ್ಲಿ ಎರಡನ್ನು ಖಾಲಿ ಬಿಟ್ಟು ವರ್ಷವಿಡೀ ಅರ್ಧ ವೇಗದಲ್ಲಿ ದುಡಿದೆವು. 12 ಚಾನೆಲ್ ಇದ್ದರೆ 12 ಕಡ್ಡಿಯ ದುಡ್ಡು ಮೊದಲ ದಿನವೇ ಎತ್ತಿಡಬೇಕು. ಈಗಿನ ಥ್ರೆಡ್‌ರಿಪ್ಪರ್‌ಗೂ ರಿಜಿಸ್ಟರ್ಡ್ ರ‍್ಯಾಮೇ ಬೇಕಾಗಿರುವುದರಿಂದ ಅಗ್ಗದ ರ‍್ಯಾಮ್‌ನ ಹಳೆಯ ಉಳಿತಾಯವೂ ಅಲ್ಲಿ ಉಳಿದಿಲ್ಲ. ಹಳೆಯ ಎಪಿಕ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಕೆಲವು ಕಂಪನಿಗಳ ಸರ್ವರಿನಲ್ಲಿ ಒಮ್ಮೆ ಕೂತ ಚಿಪ್ ಆ ಕಂಪನಿಯ ಬೋರ್ಡಿಗೇ ಶಾಶ್ವತವಾಗಿ ಬೀಗ ಬಿದ್ದಿರಬಹುದು.

ಕರೆಂಟಿನ ಮಾತನ್ನೂ ಹೇಳಿಬಿಡುತ್ತೇನೆ. 350 ವಾಟ್‌ನ ಥ್ರೆಡ್‌ರಿಪ್ಪರ್ ಜೊತೆ 450 ವಾಟ್‌ನ ಎರಡು ಗ್ರಾಫಿಕ್ಸ್ ಕಾರ್ಡ್ ಸೇರಿದರೆ ಅಷ್ಟಕ್ಕೇ 1,250 ವಾಟ್. 230 ವೋಲ್ಟಿನಲ್ಲಿ ಗೋಡೆಯ 6 ಆಂಪ್ ಸಾಕೆಟ್‌ನ ಮಿತಿ 1,380. ಗೀಸರಿಗೆ ಎಳೆಯುವಂಥ ಪವರ್ ಲೈನ್ ಬೇಕು, ದೊಡ್ಡ ಯುಪಿಎಸ್ ಬೇಕು, ಏಪ್ರಿಲ್‌ನಲ್ಲಿ ಆ ಕೋಣೆಗೆ ಎಸಿ ಬೇಕು.

2025ರ ಜುಲೈನಲ್ಲಿ ಬಂದ ಥ್ರೆಡ್‌ರಿಪ್ಪರ್ ಪ್ರೊ 9000 ಸಾಲು ಡಿಡಿಆರ್5-6400ರೊಂದಿಗೆ 409.6 ಜಿಬಿ ಮುಟ್ಟಿದೆ. ಎಪಿಕ್ 9005 ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಡಿಡಿಆರ್5-6000ರಲ್ಲಿ 576 ಮುಟ್ಟಿತ್ತು. ಅದೇ ಸಾಲಿನ 9575ಎಫ್ 64 ಕೋರ್ ಇಟ್ಟುಕೊಂಡೂ 5 ಗಿಗಾಹರ್ಟ್ಸ್‌ಗೆ ಏರುತ್ತದೆ. ವೇಗದ ಅಂತರ ಕಿರಿದಾಗುತ್ತಿದೆ, ಮೆಮೊರಿಯ ಅಂತರ ಹಾಗೇ ಇದೆ.

ನಾವು 9374ಎಫ್‌ಗೆ ಸಹಿ ಹಾಕಿದೆವು. ಅದರ ಜೊತೆಗೆ ಮೂರನೆಯ ಒಂದು ಸಾಲನ್ನೂ ಸೇರಿಸಿದೆವು: ಮೇಜಿಗೆ 16 ಕೋರ್‌ನ ಸಾಮಾನ್ಯ ರೈಝೆನ್ 7950ಎಕ್ಸ್, 5.7 ಗಿಗಾಹರ್ಟ್ಸ್‌ವರೆಗೆ ಏರುವುದು, ಬಿಡುಗಡೆಯ ಬೆಲೆ 699 ಡಾಲರ್. ಹಗಲು ನಾವು ಕಾಯುವ ಕೆಲಸ ಅದರಲ್ಲಿ, ರಾತ್ರಿ ಯಾರೂ ಕಾಯದ ಕೆಲಸ ಹಿಂದಿನ ಕೋಣೆಯ ಟವರಿನಲ್ಲಿ. ಲೆಕ್ಕಪತ್ರದವರಿಗೆ ಹಳೆಯ ಯಂತ್ರದ ಮೂವತ್ತೆರಡು ಹಸಿರು ಪಟ್ಟಿಗಳನ್ನೂ ಪಕ್ಕದಲ್ಲಿ ಗಡಿಯಾರವನ್ನೂ ತೋರಿಸಿದೆ. ಎರಡು ಸಲ ಓಡಿಸಿ ನೋಡಿದರು. ಆಮೇಲೆ ಹನ್ನೆರಡು ಕಡ್ಡಿ ರ‍್ಯಾಮ್‌ನ ಬಿಲ್ಲನ್ನು ಪ್ರತ್ಯೇಕವಾಗಿ ಹಾಕಿಸಿಕೊಡಿ ಎಂದಷ್ಟೇ ಕೇಳಿದರು.